ಮುನಿಸಿನ ಮನೆಯ ಪಡಿ

ನನ್ನ ಮಗ ದಿನೇಶ ಛತ್ರ ಕಟ್ಟಿಸಿದ. ಛತ್ರ ಅಂದ್ರೆ ಅವನಿಗೆ ಸಿಟ್ಟು, ‘ಕನ್ವೆನ್ಷನ್ ಹಾಲ್ ಅನ್ನವ್ವ’ ಅಂತಾನೆ. ಮದುವೆ ಮಾಡಿ ಊಟ ಹಾಕೋ ಜಾಗಕ್ಕೆ ಛತ್ರ ಅನ್ನದೆ ಇನ್ನೇನಂತಾರೆ? ಬನಶಂಕರಿ ಮೂರನೇ ಹಂತದಲ್ಲಿ ರಿಂಗ್ ರೋಡಿಗೆ ಮುಖ ಮಾಡ್ಕೊಂಡು ನಿಂತಿದೆ. ಒಳಗೆ ಕಾಲಿಟ್ರೆ ನೆಲದಲ್ಲಿ ಮುಖ ಕಾಣುತ್ತೆ. ಲಿಫ್ಟಿದೆ, ಹೆಣ್ಣಿಗೆ ಬೇರೆ ರೂಮು, ಗಂಡಿಗೆ ಬೇರೆ ರೂಮು, ಎರಡಕ್ಕೂ ಏಸಿ. ಶಾಮಿಯಾನದ ಗೂಟ ಹೊಡ್ಕೊಂಡಿದ್ದ ಹುಡುಗ ಇಷ್ಟು ಮಾಡಿದ್ನಲ್ಲ ಅಂತ ನನಗೂ ಹೆಮ್ಮೆ. ಇಲ್ಲ ಅಂತ ಸುಳ್ಳು ಹೇಳೋಕೆ ನನಗೇನು ಬಂದಿದೆ.

ಓಪನಿಂಗು ಶ್ರಾವಣದ ಕಡೇ ಶನಿವಾರ ಅಂತ ಅವನೇ ಗೊತ್ತು ಮಾಡ್ದ. ಶನಿವಾರವಾ ಅಂತ ಮೂಗು ಮುರಿದವರಿಗೆ, ನಮ್ಮ ದೇವರ ವಾರ, ಸುಮ್ನಿರಿ ಅಂದ. ಅದನ್ನ ಕೇಳಿ ನನ್ನ ಹೊಟ್ಟೆ ತಣ್ಣಗಾಯ್ತು. ಆಮೇಲೆ ರಸ್ತೆ ತಿರುವಿನಲ್ಲಿ ಫ್ಲೆಕ್ಸ್ ಕಟ್ಟಿಸಿದ್ದು ನೋಡಿದೆ. ಇವನು ಕೈಮುಗಿದು ನಿಂತಿರೋ ಫೋಟೊ ಎರಡಾಳೆತ್ತರ, ಮೂಲೇಲಿ ತಿಮ್ಮಪ್ಪ ಅಂಚೆ ಚೀಟಿಯಷ್ಟು. ಇದೇನೋ ಇದು, ಯಾರು ಯಾರಿಗೆ ಕೈಮುಗೀತಿರೋದು ಅಂತ ಕೇಳಿದ್ರೆ, ಡಿಸೈನ್ ಮಾಡಿದ ಹುಡುಗನ ತಪ್ಪು ಅಂದ. ಹುಡುಗರು ಅವನನ್ನ ಬಾಸ್ ಅಂತಾರೆ. ತಪ್ಪೆಲ್ಲ ಹುಡುಗರದ್ದು, ಒಳ್ಳೇದೆಲ್ಲ ಬಾಸ್‌ದು.

ನಾವು ಇಟ್ಟಮಡುವಿನೋರು. ಇಲ್ಲಿ ಸೈಟು, ಕ್ರಾಸು ಅನ್ನೋ ಮಾತು ಬರೋಕ್ ಮುಂಚೆ ಇದೇ ನೆಲದಲ್ಲಿ ರಾಗಿ ಬೆಳೀತಿದ್ವಿ, ಈಗ ಬಾಡಿಗೆ ಮನೆ ಬೆಳೆದಿದೀವಿ. ನಮ್ಮ ಮನೆದೇವರು ತಿರುಪತಿ ತಿಮ್ಮಪ್ಪ. ಶ್ರಾವಣದ ಕಡೇ ಶನಿವಾರ ಮನೆ ಯಜಮಾನ ಆದೋನು ಬೆಳಿಗ್ಗೆನೇ ಸ್ನಾನ ಮಾಡಿ, ಹಣೆಗೆ ನಾಮ ಇಟ್ಟು, ಚೊಂಬಿಗೂ ನಾಮ ಬಳಿದು ತುಳಸಿ ಸುತ್ತಿ, ಬರಿಗಾಲಲ್ಲಿ ಐದು ಮನೆ ಬಾಗಿಲಿಗೆ ಹೋಗಿ ಗೋವಿಂದ ಅನ್ನಬೇಕು. ಮನೆಯೋರು ಹಿಡಿ ಅಕ್ಕಿ ಹಾಕ್ತಾರೆ. ಅದಕ್ಕೆ ಪಡಿ ಅಂತೀವಿ. ಆ ಪಡಿ ಅಕ್ಕಿ ಮೊದಲ ಪಾತ್ರೆಗೆ ಬೀಳಬೇಕು, ಅದು ಬೆಂದು ದೇವರಿಗೆ ಎಡೆ ಆಗ್ಬೇಕು, ಆಮೇಲೇ ಮಿಕ್ಕ ಅಡುಗೆ. ಪಡಿ ಬರೋವರ್ಗೂ ಆವತ್ತು ನಮ್ಮ ಒಲೆ ಹತ್ತಲ್ಲ. ಮನೇಲಿ ಕಣಜ ತುಂಬಿದ್ರೂ ಅಷ್ಟೆ, ಬೇಡಿದ್ದೇ ಮೊದಲು ಬೇಯಬೇಕು.

ಎಷ್ಟೋ ಮನೆಗಳಲ್ಲಿ ಹೀಗೆ ಮಾಡ್ತಾರೆ. ನಮ್ಮಲ್ಲಿ ಇನ್ನೊಂದು ಕಟ್ಟಳೆ ಇದೆ, ಅದು ನಮ್ಮ ಮಾವನವರು ತಿಮ್ಮಯ್ಯನೋರು ಹಾಕಿದ್ದು. ಐದರಲ್ಲಿ ಒಂದು ಮುನಿಸಿನ ಮನೆ ಆಗಿರ್ಬೇಕು. ಯಾರ ಜೊತೆ ಮಾತು ಬಿಟ್ಟಿದೀಯೋ, ಯಾರ ಬಾಗಿಲ ಮುಂದೆ ಹೋಗೋಕೆ ಕಾಲು ಬರಲ್ವೋ, ಆ ಬಾಗಿಲಿಗೆ ಹೋಗಿ ನಿಲ್ಲಬೇಕು. ನನ್ನ ಯಜಮಾನರು ಬೈರಣ್ಣನೋರು ಒಂದು ವರ್ಷ ಬದುವಿನ ಜಗಳದಲ್ಲಿ ತಲೆ ಒಡೆದುಕೊಂಡಿದ್ದ ದಾಯಾದಿ ಮನೆಗೇ ಹೋಗಿದ್ರು. ಅಲ್ಲಿ ಅಕ್ಕೀನೂ ಸಿಕ್ತು, ಬೈಗುಳಾನೂ ಸಿಕ್ತು. ಎರಡನ್ನೂ ತಂದು, ಮಂಗೀ, ಅಕ್ಕಿ ನೀನಿಟ್ಕೋ ಅಂತ ನಗಾಡಿದ್ರು. ಅವರು ಹೋದ ವರ್ಷ ತೀರ್ಕೊಂಡ್ರು. ಸೂತಕದ ವರ್ಷ ಹಬ್ಬ ಇರ್ಲಿಲ್ಲ. ಈ ವರ್ಷ ಮೊದಲ ಸಲ ಚೊಂಬು ದಿನೇಶನ ಕೈಗೆ ಬಂತು.

ಅವನ ಮುನಿಸಿನ ಮನೆ ಯಾವ್ದು ಅಂತ ನಮ್ಮೂರಿಗೆಲ್ಲ ಗೊತ್ತು. ಪಾಪಯ್ಯಣ್ಣನ ಮನೆ. ಪಿಯುಸಿ ಫೇಲಾಗಿ ಇವನು ಬೀದಿ ಅಲೀತಿದ್ದಾಗ ಶಾಮಿಯಾನದ ಕೆಲಸ ಕಲಿಸಿದ್ದು ಪಾಪಯ್ಯಣ್ಣ. ಬೊಂಬು ಹೇಗೆ ನೆಡೋದು, ಗಾಳಿಗೆ ಹಾರದ ಹಾಗೆ ಗಂಟು ಹೇಗೆ ಹಾಕೋದು, ಮದುವೆ ಮನೆಯೋರ ಹತ್ರ ಹೇಗೆ ಮಾತಾಡೋದು, ಎಲ್ಲಾ ಅವರೇ. ಒಂದೇ ತಟ್ಟೇಲಿ ಕೂತು ಉಂಡಿದಾರೆ ಇಬ್ರೂ. ಇವನು ಕೆಲಸ ಪೂರ್ತಿ ಕಲಿತು, ಗಣೇಶನ ಹಬ್ಬ ಎದುರಿಗಿರೋವಾಗ, ಅವರ ಆಳುಗಳನ್ನ, ಅವರ ಗಿರಾಕಿಗಳನ್ನ ಎಬ್ಬಿಸ್ಕೊಂಡು ಎದುರು ರಸ್ತೇಲೇ ಸ್ವಂತ ಅಂಗಡಿ ಹಾಕ್ದ. ಆ ಸೀಸನ್ನು ಪಾಪಯ್ಯಣ್ಣ ಏಳಲೇ ಇಲ್ಲ. ಅಂಗಡಿ ಮುಚ್ಚೋ ದಿನ ನಾಲ್ಕು ಜನರ ಮುಂದೆ ಇವನಿಗೆ, ನನ್ನ ಹೊಸ್ತಿಲು ಮೆಟ್ಟಬೇಡ ಅಂದ್ರು. ಇವನೂ ಮೆಟ್ಟಲಿಲ್ಲ. ಯಾಕೆ ಮೆಟ್ತಾನೆ, ಅಷ್ಟೊತ್ತಿಗೆ ಇವನ ಹೊಸ್ತಿಲೇ ದೊಡ್ಡದಾಗಿತ್ತು.

ನನಗಿದ್ದ ಹೆದರಿಕೆ ಒಂದೇ. ದುಡ್ಡು ಬಂತು, ಹೆಸರು ಬಂತು, ಬರ್ಲಿ, ಬೇಡ ಅಂದೋರ್ಯಾರು. ಯಾರೂ ಏನೂ ಹೇಳೋ ಹಾಗಿಲ್ಲದ ಮನುಷ್ಯ ಆಗ್ಬಿಟ್ರೆ ಅವನು ನನ್ನ ಮಗ ಹೇಗಾಗ್ತಾನೆ? ಅವರಪ್ಪ ಇದ್ದಿದ್ರೆ ಹೇಳೋರು. ಈಗ ಉಳಿದಿರೋಳು ನಾನೊಬ್ಳು. ಈ ಸಲ ಅವನು ಚೊಂಬು ಹಿಡಿದು ಸರಿಯಾಗಿ ಬೇಡ್ಕೊಂಡು ಬಂದ್ರೆ ಬಂದ, ಇಲ್ಲದಿದ್ರೆ ಆ ನೆಲದಲ್ಲಿ ಮುಖ ನೋಡ್ಕೊಂಡೇ ಮುದುಕ ಆಗ್ತಾನೆ. ನನ್ನ ಲೆಕ್ಕ ಇಷ್ಟೇ ಇತ್ತು.

ಆವತ್ತು ಇನ್ನೂ ಬೆಳಕು ಹರಿಯೋಕೆ ಮುಂಚೆನೇ ಛತ್ರದ ಅಡುಗೆಮನೆಗೆ ಹೋಗಿ ಕೂತೆ. ಅಡುಗೆ ಭಟ್ರು, ಅವರ ಜನ ಎಲ್ಲ ತರಕಾರಿ ಹೆಚ್ಚಿಟ್ಕೊಂಡು, ಉಪ್ಪಿಟ್ಟಿಗೆ ರವೆ ಜರಡಿ ಹಿಡಿದು ಕಾಯ್ತಿದ್ರು. ಪಡಿ ಬರದೆ ಬೆಂಕಿ ಇಲ್ಲ ಅಂತ ಹಿಂದಿನ ದಿನಾನೇ ಹೇಳಿದ್ದೆ. ಭಟ್ರು ಒಳ್ಳೇ ಮನುಷ್ಯ, ನಿಮ್ಮ ಮನೆ ಶಾಸ್ತ್ರ ನಿಮ್ಮದು ಅಮ್ಮ, ಬೇಗ ತರಿಸಿ ಅಂದ್ರು ಅಷ್ಟೆ. ದಿನೇಶ ಪಂಚೆ ಉಟ್ಕೊಂಡು, ನಾಮ ಇಟ್ಕೊಂಡು ಬಂದು ನನ್ನ ಕಾಲಿಗೆ ಬಿದ್ದ. ನಿಜ ಹೇಳ್ತೀನಿ, ಅವರಪ್ಪನೇ ಬಂದ ಹಾಗಾಯ್ತು, ಕಣ್ಣು ಒದ್ದೆಯಾಯ್ತು. ಅವನ ಹಿಂದೆನೇ ಕ್ಯಾಮೆರಾ ಹಿಡ್ಕೊಂಡ ಒಬ್ಬ ಹುಡುಗ ಬಂದ. ನನ್ನ ಕಣ್ಣು ಅಲ್ಲೇ ಒಣಗ್ತು.

ಹೋದವನು ಇಷ್ಟು ಬೇಗ ಬಂದ್ಬಿಟ್ಟ. ಚೊಂಬಿನ ತುಂಬ ಅಕ್ಕಿ, ಮೇಲೆ ಗೋಪುರ ಆಗೋಷ್ಟು. ಸೊಸೆ ಹೇಮಶ್ರೀ ಮೊರ ತಂದ್ಲು. ಕಲ್ಲು ಆರಿಸೋಕೆ ಅಂತ ನಾನು ಅದರಲ್ಲಿ ಸುರಿದೆ. ಸುರಿದು ಕೈಯಾಡಿಸಿದ ತಕ್ಷಣ ನನ್ನ ಕೈ ನಿಂತೋಯ್ತು. ಐದು ಮನೆ ಪಡಿ ಅಂದ್ರೆ ಹೇಗಿರುತ್ತೆ ಗೊತ್ತಾ? ಒಂದು ಮನೇದು ಸಣ್ಣಕ್ಕಿ, ಒಂದು ಮನೇದು ರೇಷನ್ ದಪ್ಪಕ್ಕಿ, ಒಬ್ರದ್ದು ಕುಸುಬಲಕ್ಕಿ, ಒಬ್ರದ್ದು ನುಚ್ಚು, ನಡುವೆ ಎಲ್ಲೋ ಒಂದು ಹುಳ. ಬೆಂದ್ರೆ ಒಂದು ಕಾಳು ಮುದ್ದೆ, ಒಂದು ಕಾಳು ಗಟ್ಟಿ. ಮೊರದಲ್ಲಿದ್ದಿದ್ದು ಎಲ್ಲಾ ಒಂದೇ ಅಕ್ಕಿ. ಹಳೇ ಸೋನಾ ಮಸೂರಿ. ಊಟಕ್ಕೆ ಅಂತ ಮೂಟೆಗಟ್ಲೆ ತರಿಸಿ ಉಗ್ರಾಣದಲ್ಲಿ ಜೋಡಿಸಿದ್ವಲ್ಲ, ಅದೇ.

ಇದು ನಮ್ಮನೆ ಅಕ್ಕಿ ಅಲ್ವೇನೇ ಅಂತ ಹೇಮಶ್ರೀನ ಕೇಳಿದೆ. ಪಾಪ, ಅವಳಿಗೆ ಸುಳ್ಳು ಹೇಳೋಕೆ ಬರಲ್ಲ. ನಿನ್ನೆ ಸಾಯಂಕಾಲನೇ ಐದು ಮನೆಗೆ ಪ್ಯಾಕೆಟ್ ಮಾಡಿ ಕಳಿಸಿದ್ದೆ ಅತ್ತೆ ಅಂದ್ಲು. ದೇವರಿಗೆ ಹುಳ ಬಿದ್ದ ಅಕ್ಕಿ ಯಾಕೆ, ಜನಾನೂ ರೆಡಿ ಇರ್ತಾರೆ, ಇವರು ಕಾಯೋದು ಬೇಡ, ವಿಡಿಯೋನೂ ಚೆನ್ನಾಗಿ ಬರುತ್ತೆ ಅಂತ ಅವಳ ಯೋಚನೆ. ಒಳ್ಳೇದಕ್ಕೇ ಮಾಡಿದ್ಲು ಮಗು. ಅಂದ್ರೆ ನನ್ನ ಮಗರಾಯ ನಮ್ಮಕ್ಕೀನೇ ಊರಿಗೆ ಹಂಚಿ, ನಮ್ಮಕ್ಕೀನೇ ಭಿಕ್ಷೆ ಬೇಡ್ಕೊಂಡು ಬಂದಿದ್ದ. ನನಗೆ ನಗು ಬಂತು, ನಗ್ತಾ ನಗ್ತಾನೇ ಸಿಟ್ಟು ನೆತ್ತಿಗೇರ್ತು.

ಮುನಿಸಿನ ಮನೆ ಯಾವ್ದಕ್ಕೆ ಹೋಗಿದ್ದೆ ಅಂತ ಮಗನ್ನ ಕೇಳಿದೆ. ಹೇಮಳ ಅಣ್ಣನ ಮನೆಗೆ ಅಂದ. ಅವರ ಜೊತೆ ಯಾವ ಮುನಿಸು ಅಂದ್ರೆ, ಕಾರ್ ಪಾರ್ಕಿಂಗ್ ವಿಷಯಕ್ಕೆ ಒಂದ್ಸಲ ಮಾತಾಗಿತ್ತಂತೆ. ಆ ಅಣ್ಣನೇ ಹಾಲ್ ಬಾಗಿಲಲ್ಲಿ ಪನ್ನೀರು ಚಿಮುಕಿಸ್ಕೊಂಡು ನಿಂತಿದ್ದ ಆವಾಗ.

ಅಡುಗೆಮನೆ ಮೂಲೇಲಿ ಗ್ಯಾಸಿನ ಸಿಲಿಂಡರೆಲ್ಲ ಒಂದು ಕಡೆ ಇಟ್ಟು, ಪೈಪಿಗೆ ಒಂದು ದೊಡ್ಡ ತಿರುಪು ಇಟ್ಟಿದಾರೆ. ಅದನ್ನ ತಿರುಗಿಸಿದ್ರೆ ಎಲ್ಲಾ ಒಲೆಗೂ ಗ್ಯಾಸು. ಆ ತಿರುಪಿನ ಮುಂದೆ ಸ್ಟೂಲ್ ಎಳ್ಕೊಂಡು ಕೂತ್ಬಿಟ್ಟೆ. ಮೊರದ ಅಕ್ಕೀನ ಉಗ್ರಾಣಕ್ಕೆ ಹಾಕು, ಅದು ಪಡಿ ಅಲ್ಲ ಅಂತ ಹೇಮಶ್ರೀಗೆ ಹೇಳ್ದೆ.

ದಿನೇಶ ಮೊದಲು ನಕ್ಕ, ಆಮೇಲೆ ಪುಸಲಾಯಿಸ್ದ, ಆಮೇಲೆ ಭಟ್ರನ್ನ ಕರೆದು ಹೇಳಿಸ್ದ. ಜನ ಬರೋಕೆ ಶುರುವಾಗಿತ್ತು. ತಿಂಡಿ ಇಲ್ಲ, ಕಾಫಿ ಕೂಡ ಇಲ್ಲ. ಎಮ್ಮೆಲ್ಲೆ ಬರೋ ಹೊತ್ತಾಗ್ತಾ ಇತ್ತು. ಮುಂದಿನ ವರ್ಷ ನೋಡೋಣವ್ವ, ಇವತ್ತಿಗೆ ಇದನ್ನೇ ಪಡಿ ಅಂದ್ಕೋ ಅಂದ. ನಾನು ಗೋಡೆ ನೋಡ್ತಾ ಕೂತೆ. ಕೊನೆಗೆ ಅವನ ಗಂಟಲು ಏರ್ತು. ಅಡುಗೆ ಹೆಂಗಸರೆಲ್ಲ ಕೈಕೆಲಸ ಬಿಟ್ಟು ನೋಡೋಕೆ ನಿಂತ್ರು.

“ಅವ್ವ, ಇದನ್ನ ಕಟ್ಟಿದ್ದು ನಾನು. ಒಂದೊಂದು ಕಲ್ಲಿಗೂ ಸತ್ತಿದೀನಿ. ಇವತ್ತೊಂದು ದಿನ ನನ್ನ ಮರ್ಯಾದೆ ಉಳಿಸು.”

“ನೀನು ಕಟ್ಟಿದ್ದಾದ್ರೆ ನನ್ನ ಎತ್ತಿ ಪಕ್ಕಕ್ಕೆ ಹಾಕಿ ನೀನೇ ಒಲೆ ಹಚ್ಕೋ” ಅಂದೆ. “ಆ ತಿಮ್ಮಪ್ಪ ಕಟ್ಟಿಸಿದ್ದಾದ್ರೆ ಹೋಗಿ ಬೇಡ್ಕೊಂಡು ಬಾ.”

ಅವನು ನನ್ನ ಎತ್ತಿ ಹಾಕೋಕೆ ಎಷ್ಟು ಹೊತ್ತು? ಒಂದು ಕೈ ಸಾಕು. ಎತ್ತಿ ಹಾಕಿದ್ರೆ ನನ್ನ ಮಗ ನನಗೆ ಹೋದ ಅಂತಾನೇ ಲೆಕ್ಕ. ಅವನು ಹಲ್ಲು ಕಚ್ಕೊಂಡು ನಿಂತಿದ್ದ. ಹಣೆ ಬೆವರಿಗೆ ನಾಮ ಇಳೀತಿತ್ತು. ಆಮೇಲೆ ಖಾಲಿ ಚೊಂಬು ತಗೊಂಡ. ಕ್ಯಾಮೆರಾ ಹುಡುಗನಿಗೆ, ನೀನು ಬರಬೇಡ, ಇಲ್ಲೇ ಇರು ಅಂದ. ಪಂಚೇಲಿ ಜೇಬಿಲ್ಲ ಅಂತ ಮೊಬೈಲನ್ನ ನನ್ನ ಕೈಗೆ ತುರುಕಿ, ಬಾ, ನೀನೇ ನೋಡು, ನಾಳೆ ಮತ್ತೆ ಏನೂ ಹೇಳಬಾರದು ಅಂದ. ಸಿಟ್ಟಲ್ಲೇ ಅಂದ. ಸಿಟ್ಟಲ್ಲಾದ್ರೂ ಹೊರಟನಲ್ಲ ಅಂತ ನಾನೂ ಎದ್ದೆ. ತಿರುಪಿನ ಹತ್ರ ಯಾರು ಕೂರೋದು ಅಂತ ನಾನು ನೋಡೋಷ್ಟರಲ್ಲಿ ಹೇಮಶ್ರೀ ರೇಷ್ಮೆ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಅದೇ ಸ್ಟೂಲ್ ಮೇಲೆ ಕೂತ್ಲು. ನೀವು ಹೋಗಿ ಬನ್ನಿ ಅತ್ತೆ, ಯಾರು ಬಂದ್ರೂ ನಾನು ಏಳಲ್ಲ ಅಂದ್ಲು.

ಮೊದಲು ನಮ್ಮ ಬಾಡಿಗೆ ಮನೆಗೇ ಹೋಗು ಅಂದೆ. ಎರಡನೇ ಮಹಡೀಲಿ ಭಾಗ್ಯಜ್ಯೋತಿ ಅಂತ ಒಬ್ಬ ಹೆಣ್ಣುಮಗಳಿದಾಳೆ, ಟೈಲರಿಂಗ್ ಮಾಡ್ತಾಳೆ. ಬಾಗಿಲು ತೆಗೆದವಳೇ ಎದುರಿಗೆ ಓನರ್ ಕಂಡ ತಕ್ಷಣ, ಅಣ್ಣಾ, ಮೋಟರ್ ಕೆಟ್ಟು ನೀರಿಲ್ಲ, ಎಷ್ಟು ಸಲ ಫೋನ್ ಮಾಡೋದು ಅಂತ ಶುರು ಹಚ್ಕೊಂಡ್ಲು. ಪೂರ್ತಿ ಬೈದು ಮುಗಿಸಿದ ಮೇಲೆ ಅವನ ಹಣೆ ನೋಡಿದ್ಲು, ಚೊಂಬು ನೋಡಿದ್ಲು, ನಾಲಿಗೆ ಕಚ್ಕೊಂಡ್ಲು. ದಿನೇಶ ತಲೆ ಬಗ್ಗಿಸ್ಕೊಂಡು ಗೋವಿಂದ ಅಂದ. ಅವಳು ಒಳಗೆ ಓಡಿ ರೇಷನ್ ಅಕ್ಕಿ ತಂದು ಹಾಕಿದ್ಲು. ಇದೇ ಇರೋದು ಅಣ್ಣ ಅಂತ ನಾಚ್ಕೊಂಡ್ಲು. ಮೆಟ್ಟಿಲು ಇಳೀವಾಗ ಅವನು ಮೋಟರ್ ರಿಪೇರಿಯವನ ಹೆಸರು ಏನು ಅಂತ ನನ್ನ ಕೇಳ್ದ. ನಾನು ಹೇಳಿದೆ.

ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಒಳಗೇ ಬಿಡಲಿಲ್ಲ. ಯಾವ ಫ್ಲಾಟು, ಯಾರು ಕರೆದಿದ್ದು, ಮೊಬೈಲಲ್ಲಿ ಅಪ್ರೂವ್ ಆಗ್ಬೇಕು ಅಂದ. ಇವನು, ಯಾರೂ ಕರೆದಿಲ್ಲ, ಪಡಿ ಬೇಡೋಕೆ ಬಂದಿದೀನಿ ಅಂದ. ಆ ಸೆಕ್ಯೂರಿಟಿ ಮುದುಕ ರಾಯಚೂರ ಕಡೆಯೋನು. ಒಳಗಿನೋರು ಕೊಡೋದು ಇರ್ಲಿ, ನಾನು ಕೊಡಬಹುದೇನ್ರಿ ಅಂತ ಕೇಳಿ, ತನ್ನ ಶೆಡ್ಡಿಂದ ಎರಡೂ ಕೈಯಲ್ಲಿ ಅಕ್ಕಿ ತಂದು ಹಾಕ್ದ. ಮುಂದಿನ ಮನೇಲಿ ಒಬ್ಬಮ್ಮ ತಿರುಗಿ ಕೂಡ ನೋಡದೆ, ಮುಂದೆ ಹೋಗಪ್ಪ ಅಂದ್ಬಿಟ್ರು. ನನ್ನ ಮಗನಿಗೆ ಮುಂದೆ ಹೋಗು ಅಂದೋರು ಈಚೆಗೆ ಯಾರೂ ಇರ್ಲಿಲ್ಲ. ಅವನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಮುಂದೆ ಹೋದ. ಇನ್ನೆರಡು ಬಾಗಿಲಲ್ಲಿ ಸಿಕ್ತು, ಒಂದರಲ್ಲಿ ಕುಸುಬಲಕ್ಕಿ, ಒಂದರಲ್ಲಿ ನುಚ್ಚು. ಅಂಗಾಲಿಗೆ ಜಲ್ಲಿ ಚುಚ್ಚಿ ಕುಂಟ್ತಾ ಇದ್ದ. ಸಿಟ್ಟು ಇಳಿದಿತ್ತು.

ಉಳಿದಿದ್ದು ಐದನೇದು. ಆ ಗಲ್ಲಿ ತಿರುವಿಗೆ ಬಂದಾಗ ನಿಂತ.

“ಬಾಗಿಲು ಹಾಕ್ಕೊಂಡ್ಬಿಟ್ರೆ, ಅವ್ವ?”

“ಹಾಕಿದ ಬಾಗಿಲ ಮುಂದೆ ನಿಲ್ಲು” ಅಂದೆ.

ಪಾಪಯ್ಯಣ್ಣ ಜಗುಲಿ ಮೇಲೆ ಲುಂಗಿ ಉಟ್ಕೊಂಡು, ಕಾಫಿ ಲೋಟ ಹಿಡ್ಕೊಂಡು ಪೇಪರ್ ಓದ್ತಾ ಇದ್ರು. ಹೆಂಡತಿ ಕಮಲಾದೇವಿ ಹೋದ ಮೇಲೆ ಒಬ್ಬರೇ ಇರೋದು. ಗೋಡೆ ಪಕ್ಕ ಹಳೇ ಬೊಂಬುಗಳು ಕಪ್ಪಗಾಗಿ ಒರಗಿದ್ವು. ದಿನೇಶ ಬಾಗಿಲ ಮುಂದೆ ನಿಂತ. ಗೋವಿಂದ ಅಂದಿದ್ದು ನನಗೇ ಸರಿಯಾಗಿ ಕೇಳಲಿಲ್ಲ. ಪಾಪಯ್ಯಣ್ಣ ತಲೆ ಎತ್ತಿದ್ರು. ಇವನ ಮುಖ ನೋಡಿದ್ರು, ಹಣೆ ನೋಡಿದ್ರು, ಕಾಲು ನೋಡಿದ್ರು. ಲೋಟ ಕೆಳಗಿಟ್ಟು, ಎದ್ದು ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರು. ಚಿಲಕ ಬಿದ್ದ ಸದ್ದು ಕೇಳಿಸ್ತು.

ಅಲ್ಲಿಗೆ ಮುಗೀತು ಅಂದ್ಕೊಂಡೆ. ಎದುರು ಮನೆ ಕಿಟಕಿಯಿಂದ ಯಾರೋ ಇಣುಕಿದ್ರು, ಪಕ್ಕದ ಮನೆ ಹೆಂಗಸು ಬಟ್ಟೆ ಒಣಹಾಕೋ ನೆಪದಲ್ಲಿ ಹೊರಗೆ ಬಂದ್ಲು. ಇಡೀ ಇಟ್ಟಮಡುಗೆ ಊಟ ಹಾಕೋಕೆ ಹೊರಟಿದ್ದ ನನ್ನ ಮಗ ಮುಚ್ಚಿದ ಬಾಗಿಲ ಮುಂದೆ ಚೊಂಬು ಹಿಡ್ಕೊಂಡು ನಿಂತಿದ್ದ. ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಫೋನು ಹೊಡ್ಕೊಳ್ತು. ಹೇಮಶ್ರೀ. ಎಮ್ಮೆಲ್ಲೆ ಕಾರು ಬಂತಂತೆ, ಇವನೆಲ್ಲಿ ಅಂತ ಎಲ್ಲಾ ಕೇಳ್ತಾ ಇದಾರಂತೆ, ಏನು ಹೇಳ್ಲಿ ಅಂತ. ನಾನು ಫೋನನ್ನ ಅವನ ಕಿವಿಗೆ ಹಿಡಿದೆ.

“ಯಜಮಾನ ಭಿಕ್ಷೆಗೆ ಹೋಗಿದಾನೆ ಅಂತ ಹೇಳು” ಅಂದ. ಆಮೇಲೆ ನನಗೆ, ಅದನ್ನ ಆಫ್ ಮಾಡವ್ವ ಅಂದ.

ಹೊತ್ತು ಹೋಗ್ತಾನೇ ಇತ್ತು. ಬಿಸಿಲು ಏರಿ ಸಿಮೆಂಟು ನೆಲ ಕಾಯ್ತಾ ಇತ್ತು. ಅವನು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸ್ತಾ ನಿಂತಿದ್ದ. ನನಗೆ ಈಗ ಪಾಪಯ್ಯಣ್ಣನ ಮೇಲೆ ಸಿಟ್ಟು ಬರೋಕೆ ಶುರುವಾಯ್ತು. ದೇವರ ಹೆಸರಲ್ಲಿ ಬಂದೋನನ್ನ ಹೀಗಾ ನಿಲ್ಲಿಸೋದು, ಇಲ್ಲ ಅಂದ್ರೆ ಇಲ್ಲ ಅನ್ನಬೇಕು, ಇದ್ಯಾವ ದೊಡ್ಡಸ್ತಿಕೆ ಅಂತ. ಹೆತ್ತ ಹೊಟ್ಟೆ ನೋಡಿ, ಅಷ್ಟೊತ್ತು ಗ್ಯಾಸಿನ ಮುಂದೆ ಕಲ್ಲಿನ ಹಾಗೆ ಕೂತಿದ್ದವಳು ನಾನೇ, ಇಲ್ಲಿ ಕರಗಿಬಿಟ್ಟೆ. ಸಾಕು ಬಾರೋ, ನಾಲ್ಕು ಮನೇದಾಯ್ತಲ್ಲ, ಬೇರೆ ಯಾರ್ದಾದ್ರೂ ಬಾಗಿಲಿಗೆ ಹೋಗೋಣ ಅಂತ ಅವನ ತೋಳು ಎಳೆದೆ.

ಅವನು ಅಲುಗಲಿಲ್ಲ. “ಕೊಡೋವರ್ಗೂ ನಿಲ್ತೀನವ್ವ. ಇಲ್ಲ ಅನ್ನೋದಾದ್ರೆ ಅವರ ಬಾಯಲ್ಲೇ ಅನ್ನಿಸ್ಕೊಂಡು ಹೋಗ್ತೀನಿ. ಅಷ್ಟಾದ್ರೂ ಅವರಿಗೆ ಸಲ್ಲಬೇಕು” ಅಂದ.

ಮೆತ್ತಗೆ ಅಂದ. ಆ ಮಾತು ನಾನು ಹೇಳ್ಕೊಟ್ಟಿದ್ದಲ್ಲ. ನಾನು ತೋಳು ಬಿಟ್ಟು ಪಕ್ಕದಲ್ಲಿ ನಿಂತೆ.

ಕೊನೆಗೆ ಚಿಲಕ ತೆಗೆದ ಸದ್ದಾಯ್ತು. ಬಾಗಿಲಲ್ಲಿ ಪಾಪಯ್ಯಣ್ಣ ನಿಂತಿದ್ರು. ತಲೆಯಿಂದ ನೀರು ಇಳೀತಿತ್ತು. ಉಟ್ಟಿದ್ದು ಒದ್ದೆ ಪಂಚೆ. ಹಣೆ ಮೇಲೆ ಹಸಿ ನಾಮ. ಎರಡೂ ಕೈಯಲ್ಲಿ ಸೇರು ತುಂಬ ಅಕ್ಕಿ.

“ಸ್ನಾನ ಆಗಿರ್ಲಿಲ್ಲ ಮಂಗಮ್ಮ” ಅಂತ ನನ್ನ ಕಡೆ ನೋಡಿ ಹೇಳಿದ್ರು. “ಮೈಲಿಗೇಲಿ ಹೇಗೆ ಕೊಡೋದು. ಒಲೆ ಹಚ್ಚಿ ನೀರು ಕಾಯಿಸೋಕೆ ಹೋದ್ರೆ ತಡ ಆಗುತ್ತೆ ಅಂತ ತಣ್ಣೀರೇ ಹುಯ್ಕೊಂಡೆ. ಆದ್ರೂ ವಯಸ್ಸಾಯ್ತಲ್ಲ, ಕೈಕಾಲು ಬೇಗ ಆಡಲ್ಲ.”

ನನಗೆ ಎಲ್ಲಾದ್ರೂ ಮುಖ ಮುಚ್ಚಿಕೊಳ್ಳೋಣ ಅನ್ನಿಸ್ತು. ಮನಸ್ಸಲ್ಲಿ ಅವರನ್ನ ಏನೆಲ್ಲ ಅಂದ್ಬಿಟ್ಟಿದ್ದೆ.

ಅಕ್ಕೀನ ಚೊಂಬಿಗೆ ನಿಧಾನವಾಗಿ ಸುರಿದ್ರು, ಒಂದು ಕಾಳು ಕೆಳಗೆ ಬೀಳದ ಹಾಗೆ. ಸೇರನ್ನ ಹೊಸ್ತಿಲ ಮೇಲಿಟ್ರು. ಆಮೇಲೆ ಆ ಒದ್ದೆ ಪಂಚೇಲೇ ಗಲ್ಲಿಯ ನೆಲದ ಮೇಲೆ ಮಂಡಿ ಊರಿ, ಉದ್ದಕ್ಕೆ ದಿನೇಶನ ಕಾಲ ಮುಂದೆ ಅಡ್ಡಬಿದ್ರು. ಪಡಿ ಬೇಡೋನು ತಿಮ್ಮಪ್ಪನ ದಾಸ, ಕೊಟ್ಟೋರು ಅಡ್ಡಬೀಳೋದು ಪದ್ಧತಿ, ನನಗೆ ಗೊತ್ತು. ಗೊತ್ತಿದ್ರೂ ಆ ಬೆಳ್ಳಗಾದ ತಲೆ ನನ್ನ ಮಗನ ಧೂಳು ಕಾಲಿನ ಹತ್ರ ಇರೋದು ನನ್ನ ಕೈಲಿ ನೋಡೋಕಾಗ್ಲಿಲ್ಲ. ದಿನೇಶ ಹಿಂದಕ್ಕೆ ಸರಿಯೋಕೆ ಹೋದ. ಚೊಂಬು ಕೈಯಲ್ಲಿ, ಎಬ್ಬಿಸೋಕೂ ಆಗ್ತಿಲ್ಲ, ಬಿಡೋಕೂ ಆಗ್ತಿಲ್ಲ. ಅಪ್ಪ ಸತ್ತಾಗಲೂ ಹಾಗೆ ಅತ್ತಿರ್ಲಿಲ್ಲ ಅವನು.

“ಅಣ್ಣಾ, ಬೇಡ, ಏಳಿ. ನಾನು ದಿನೇಶ ಅಣ್ಣ. ನಾನು ದಿನೇಶ.”

ಪಾಪಯ್ಯಣ್ಣ ನೆಲಕ್ಕೆ ಕೈ ಊರಿ ಎದ್ರು. ಮಂಡಿ ಒರೆಸ್ಕೊಂಡ್ರು. ಅವರ ಮುಖದಲ್ಲಿ ಸಿಟ್ಟೂ ಇರ್ಲಿಲ್ಲ, ನಗೂನೂ ಇರ್ಲಿಲ್ಲ.

“ಗೊತ್ತು” ಅಂದ್ರು. “ದಿನೇಶನಿಗಾಗಿದ್ರೆ ನಾನು ಬಾಗಿಲೇ ತೆಗೀತಿರ್ಲಿಲ್ಲ. ಹೋಗು, ಜನ ಹಸ್ಕೊಂಡಿರ್ತಾರೆ.”

ಅವನು ಹೋಗಲಿಲ್ಲ. ತೋಳಿಂದ ಮುಖ ಒರೆಸ್ಕೊಂಡ. “ಹಾಗಾದ್ರೆ ದಿನೇಶ ನಾಳೆ ಬರ್ತಾನೆ ಅಣ್ಣ. ಚೊಂಬು ಇಲ್ದೆ ಬರ್ತಾನೆ” ಅಂದ.

“ಬರ್ಲಿ. ತೆಗೀತೀನಿ ಅಂತ ನಾನು ಹೇಳಿಲ್ಲ” ಅಂತ ಪಾಪಯ್ಯಣ್ಣ ಒಳಗೆ ಹೋದ್ರು.

ನಾವು ಛತ್ರಕ್ಕೆ ಬರೋಷ್ಟರಲ್ಲಿ ಎಮ್ಮೆಲ್ಲೆ ಇನ್ನೊಂದು ಕಾರ್ಯಕ್ರಮ ಇದೆ ಅಂತ ಟೇಪ್ ಕತ್ತರಿಸಿ ಹೊರಟೇ ಹೋಗಿದ್ರು. ಬೆಳ್ಳಿ ಕತ್ತರಿ ತಟ್ಟೇಲಿ ಬಿದ್ದಿತ್ತು. ಹೇಮಶ್ರೀ ಬೆವೆತು ಮುದ್ದೆಯಾಗಿ ಅದೇ ಸ್ಟೂಲ್ ಮೇಲೆ ಕೂತಿದ್ಲು, ಎಮ್ಮೆಲ್ಲೆ ಕಡೆಯೋರು ಬಂದು ಗದರಿದ್ರೂ ಎದ್ದಿಲ್ಲ ಅಂತ ಭಟ್ರು ಹೇಳಿದ್ರು. ಚೊಂಬನ್ನ ಮೊರಕ್ಕೆ ಸುರಿದು ಅತ್ತೆ ಸೊಸೆ ಇಬ್ರೂ ಆರಿಸಿದ್ವಿ. ದಪ್ಪಕ್ಕಿ, ನುಚ್ಚು, ಕೆಂಪು ಕುಸುಬಲಕ್ಕಿ, ಎರಡು ಹುಳ, ಎಲ್ಲಾ ಇತ್ತು. ದಿನೇಶನ ಕೈಯಲ್ಲೇ ಒಲೆ ಹಚ್ಚಿಸಿದೆ. ಎಡೆ ಆಗಿ, ತಿಂಡಿ ಆಗಿ, ಊಟ ಬಡಿಸೋ ಹೊತ್ತಿಗೆ ಮಧ್ಯಾಹ್ನ ದಾಟಿ ಎಷ್ಟೋ ಹೊತ್ತಾಗಿತ್ತು. ಕೆಲವರು ಗೊಣಗಿದ್ರು, ಕೆಲವರು ಉಣ್ಣದೇ ಹೋದ್ರು. ಬಾಸ್ ಪಂಚೇಲೇ ನಿಂತು ಕಡೇ ಪಂಕ್ತಿವರೆಗೂ ಅನ್ನ ಬಡಿಸಿದ. ಆ ಅರ್ಧ ಬೇಯದ, ಅರ್ಧ ಮುದ್ದೆಯಾದ ಪಡಿ ಅನ್ನವನ್ನ ಎಲ್ಲಾರ ಎಲೆಗೂ ಒಂದೊಂದು ಅಗುಳು ಹಾಕಿ ಬಂದ.

ಮಾರನೇ ದಿನ ಅವನು ಪಾಪಯ್ಯಣ್ಣನ ಮನೆಗೆ ಹೋದ. ಬಾಗಿಲು ತೆಗೀಲಿಲ್ಲ. ಅದರ ಮಾರನೇ ದಿನಾನೂ ಹೋದ. ಈಗ ಹಾಲ್‌ಗೆ ಮದುವೆ ಸೀಸನ್ನು, ಫೋನು ಒಂದೇ ಸಮ ಹೊಡ್ಕೊಳ್ತಾ ಇರುತ್ತೆ, ಆದ್ರೂ ದಿನಾ ಬೆಳಿಗ್ಗೆ ಚಪ್ಪಲಿ ಗಲ್ಲಿ ತಿರುವಿನಲ್ಲಿ ಬಿಟ್ಟು, ಹೋಗಿ ಆ ಬಾಗಿಲ ಮುಂದೆ ನಿಂತು, ಅಣ್ಣಾ ಅಂತ ಒಂದ್ಸಲ ಕೂಗಿ, ಸ್ವಲ್ಪ ಹೊತ್ತು ಕಾದು ಆಮೇಲೇ ಕೆಲಸಕ್ಕೆ ಹೋಗ್ತಾನೆ. ಬಾಗಿಲು ಇನ್ನೂ ತೆಗೆದಿಲ್ಲ. ಹೋಗು ಅಂತ ನಾನು ಒಂದು ದಿನಾನೂ ಅಂದಿಲ್ಲ.